ಬೆಳಕು ಮೂಡದ ಆಸಿಲಾಸ್ಕೋಪು

(ಶಾಲೆಯ ವಿಜ್ಞಾನ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಮೇಜಿನ ಮೇಲೆ ನಿಮ್ಮೆದುರು ಇಟ್ಟಿರುವ ಬೂದುಬಣ್ಣದ ಪೆಟ್ಟಿಗೆಯನ್ನು ನಿಮ್ಮಲ್ಲಿ ಅನೇಕರು ಪ್ರಯೋಗಶಾಲೆಯ ಕಪಾಟಿನ ಮೇಲೆ ಧೂಳು ಹಿಡಿದು ಕುಳಿತಿದ್ದಾಗ ನೋಡಿರಬಹುದು. ಇದರ ಹೆಸರು ಆಸಿಲಾಸ್ಕೋಪು. ವಿದ್ಯುತ್ತಿನ ಒತ್ತಡವು ಕ್ಷಣಕ್ಷಣಕ್ಕೂ ಹೇಗೆ ಏರಿಳಿಯುವುದೆಂಬುದನ್ನು ಗಾಜಿನ ಪರದೆಯ ಮೇಲೆ ಬೆಳಕಿನ ಗೆರೆಯಾಗಿ ಬರೆದು ತೋರಿಸುವ ಯಂತ್ರವಿದು. 1897ರಲ್ಲಿ ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಜರ್ಮನ್ ವಿಜ್ಞಾನಿಯು ನಿರ್ಮಿಸಿದ ಗಾಜಿನ ನಳಿಕೆಯೇ ಇಂತಹ ಪರದೆಗಳ ಮೂಲ. ಕಣ್ಣಿಗೆ ಕಾಣದ ವಿದ್ಯುತ್ತಿಗೆ ಆಕಾರವನ್ನು ಕೊಡುವ ಸಾಧನ ಇದಕ್ಕಿಂತ ಉತ್ತಮವಾದುದು ಶಾಲೆಯಲ್ಲಿ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಹಾಗಿದ್ದರೂ ಅನೇಕ ವರ್ಷಗಳಿಂದ ಇದು ಮಾತನಾಡಿರಲಿಲ್ಲ. ಗುಂಡಿಯನ್ನೊತ್ತಿದರೆ ಕೆಂಪು ದೀಪ ಉರಿಯುವುದು, ಒಳಗಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಬರುವುದು, ಪರದೆ ಮಾತ್ರ ಅಮಾವಾಸ್ಯೆಯ ರಾತ್ರಿ. ಕಳೆದ ವರ್ಷ ಆಟಿ ತಿಂಗಳಲ್ಲಿ ಪ್ರಯೋಗಶಾಲೆಯ ಮಾಡು ಸೋರಿ ಸಾಮಾನುಗಳನ್ನೆಲ್ಲ ಹೊರತೆಗೆದಾಗ, ಗುಜರಿಗೆ ಕೊಡತಕ್ಕ ವಸ್ತುಗಳ ಪಟ್ಟಿಯಲ್ಲಿ ಮುರಿದ ಬೆಂಚುಗಳ ಕೆಳಗೆ ಇದರ ಹೆಸರೂ ಸೇರಿತು. ಹೊಸದನ್ನು ಕೊಳ್ಳಲು ನಮ್ಮ ಸಂಘದ ಬೊಕ್ಕಸದಲ್ಲಿ ಹಣವಿಲ್ಲವೆಂಬುದು ಇಲ್ಲಿರುವ ಎಲ್ಲರಿಗೂ ತಿಳಿದ ಮಾತು. ಇದು ಹೋದರೆ ಗಡಿನಾಡಿನ ಈ ಕನ್ನಡ ಶಾಲೆಯ ಮಕ್ಕಳು ಅಲೆಯ ಚಿತ್ರವನ್ನು ಪುಸ್ತಕದಲ್ಲಿ ಮಾತ್ರ ನೋಡಬೇಕಾಗುತ್ತಿತ್ತು. ಆದುದರಿಂದ ನಾವು ಒಂದು ತಿಂಗಳ ಅವಧಿಯನ್ನು ಬೇಡಿಕೊಂಡೆವು. ನಾವು ಎಂದರೆ, ಈ ಶಾಲೆಯ ಹಳೆಯ ವಿದ್ಯಾರ್ಥಿಗಳಾದ ಮೂವರು, ವಿಜ್ಞಾನದ ಅಧ್ಯಾಪಕರು, ಮತ್ತು ಹತ್ತನೆಯ ತರಗತಿಯ ಇಬ್ಬರು ಮಕ್ಕಳು. ಶನಿವಾರದ ಸಾಯಂಕಾಲಗಳಲ್ಲಿ ನಾವು ಮಾಡಿದ್ದೇನು, ಎಲ್ಲೆಲ್ಲಿ ಎಡವಿದೆವು ಎಂಬುದೇ ಇಂದಿನ ನಮ್ಮ ಮಾತಿನ ವಿಷಯ.

ಹಳೆಯ ಅಳತೆಯ ಯಂತ್ರವೊಂದು ಕೆಟ್ಟಿತೆಂದರೆ ಮೊದಲು ನೋಡತಕ್ಕದ್ದು ಅದರ ಪವರ್ ಸಪ್ಲೈಯನ್ನು, ಅಂದರೆ ಒಳಗಿನ ಭಾಗಗಳಿಗೆಲ್ಲ ವಿದ್ಯುತ್ತನ್ನು ಬಡಿಸುವ ಅಡಿಗೆಮನೆಯನ್ನು. ನಮ್ಮ ಗೋಡೆಯ ಪ್ಲಗ್ಗಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುವಂತಹುದು. ಟ್ರಾನ್ಸಿಸ್ಟರುಗಳಿಗೆ ಬೇಕಾದುದು 12 ವೋಲ್ಟು, 5 ವೋಲ್ಟು ಎಂಬಂತಹ ಅಲ್ಪವಾದ, ಅಲುಗಾಡದ, ಒಂದೇ ದಿಕ್ಕಿನ ವಿದ್ಯುತ್ತು. ಒರಟಾದುದನ್ನು ನಯವಾಗಿಸುವ ಈ ಕೆಲಸ ಹೇಗೆ ನಡೆಯುವುದೆಂಬುದನ್ನು ಅಡಿಕೆ ತೋಟದ ದೃಷ್ಟಾಂತದಿಂದ ಹೇಳಿದರೆ ನಮ್ಮ ಊರಿನವರಿಗೆ ಬೇಗ ಮನದಟ್ಟಾಗುವುದು.

ಬಾವಿಯಿಂದ ಏತದ ಮೂಲಕ ನೀರೆತ್ತುವುದನ್ನು ನಿಮ್ಮ ಅಜ್ಜಂದಿರು ಬಲ್ಲರು. ನೀರು ಒಂದೇ ಸಮನೆ ಬರುವುದಿಲ್ಲ. ಒಂದು ಸಲ ಮೊಗೆದು ಸುರಿದಷ್ಟು ಬರುವುದು, ಮತ್ತೆ ತುಸು ಹೊತ್ತು ಇಲ್ಲ, ಪುನಃ ಒಂದಷ್ಟು. ಈ ನೀರನ್ನು ನೇರವಾಗಿ ಸಸಿಯ ಬುಡಕ್ಕೆ ಬಿಡದೆ ಮೊದಲು ಒಂದು ತೊಟ್ಟಿಯಲ್ಲಿ ತುಂಬುವರು. ತೊಟ್ಟಿಯ ಬಾಯಲ್ಲಿ ಒಬ್ಬ ಆಳು ನಿಂತು, ಕಾಲುವೆಯ ಬದಿಯ ಕಲ್ಲಿನ ಮೇಲೆ ಗೀಚಿದ ಗುರುತನ್ನು ನೋಡುತ್ತ, ನೀರು ಗುರುತಿಗಿಂತ ಮೇಲೇರಿದರೆ ತೂಬನ್ನು ಒತ್ತುವನು, ಕೆಳಗಿಳಿದರೆ ಸಡಿಲಿಸುವನು. ಪವರ್ ಸಪ್ಲೈಯಲ್ಲಿ ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರು, ಹಿಂದುಮುಂದಿನ ಹರಿವನ್ನು ಒಂದೇ ದಿಕ್ಕಿಗೆ ತಿರುಗಿಸುವ ನಾಲ್ಕು ಡಯೋಡುಗಳು, ಇವೆರಡೂ ಕೂಡಿ ಏತ. ಡಯೋಡುಗಳು ಎರಡೂ ಬದಿಯ ಅಲೆಯನ್ನು ಬಳಸಿಕೊಳ್ಳುವುದರಿಂದ ಸೆಕೆಂಡಿಗೆ 100 ಮೊಗೆತ. ತೊಟ್ಟಿಯೆಂದರೆ ಕೈಬೆರಳಿನಿಂದ ಹಿಡಿದು ಸಣ್ಣ ಲೋಟದವರೆಗೆ ಗಾತ್ರವಿರುವ ಅಲ್ಯೂಮಿನಿಯಂ ಕೆಪ್ಯಾಸಿಟರು. ತೂಬಿನ ಆಳು, ಹರಿವಿನ ದಾರಿಗೆ ಅಡ್ಡವಾಗಿ ನಿಂತ ದೊಡ್ಡ ಟ್ರಾನ್ಸಿಸ್ಟರು. ಕಲ್ಲಿನ ಮೇಲಿನ ಗುರುತು, ಝೀನರ್ ಡಯೋಡು ಎಂಬ ಚಿಕ್ಕ ವಸ್ತು; ಏನೇ ಆದರೂ ತನ್ನ ಎರಡು ತುದಿಗಳ ನಡುವೆ ನಿಗದಿಯಾದ ವೋಲ್ಟನ್ನೇ ಕಾಯ್ದುಕೊಳ್ಳುವ ಗುಣ ಅದಕ್ಕಿದೆ. ಹೀಗೆ ಬೇಡದ ವೋಲ್ಟನ್ನು ಶಾಖವಾಗಿ ಕಳೆದುಕೊಂಡು ಬೇಕಾದುದನ್ನು ಮಾತ್ರ ಮುಂದೆ ಬಿಡುವ ವ್ಯವಸ್ಥೆಗೆ ಲೀನಿಯರ್ ಪವರ್ ಸಪ್ಲೈ ಎಂದು ಹೆಸರು.

ಈಗ ನಮ್ಮ ಕತೆಗೆ ಬರೋಣ. ಮೊದಲ ಶನಿವಾರ ಪ್ಲಗ್ಗನ್ನು ಕಿತ್ತಿಟ್ಟು ಹಿಂಬದಿಯ ಫ್ಯೂಸನ್ನು ತೆಗೆದು ನೋಡಿದೆವು. ಅರ್ಧ ಆಂಪಿಯರಿನ ಗಾಜಿನ ಫ್ಯೂಸು ಇರಬೇಕಾದಲ್ಲಿ, ಸುಟ್ಟ ಫ್ಯೂಸಿನ ಮೇಲೆ ತಾಮ್ರದ ತಂತಿಯ ಎಳೆಗಳನ್ನು ಬಿಗಿಯಾಗಿ ಸುತ್ತಿ ಇರಿಸಲಾಗಿತ್ತು. ಅಧ್ಯಾಪಕರ ಮುಖ ಕೆಂಪಾಯಿತು. ಇದನ್ನು ಮಾಡಿದ ಮಹಾನುಭಾವರು ಯಾರೆಂದು ಅವರು ಕೇಳಿದಾಗ ನಾವು ಸ್ವಲ್ಪ ಹೊತ್ತು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಹೇಳದೆ ವಿಧಿಯಿರಲಿಲ್ಲ. ಆ ಕೆಲಸ ನಮ್ಮದೇ. ನಾವು ಈ ಶಾಲೆಯಲ್ಲಿ ಓದುತ್ತಿದ್ದಾಗ ವಿಜ್ಞಾನ ಪ್ರದರ್ಶನದ ಬೆಳಗ್ಗೆ ಫ್ಯೂಸು ಹೋಗಿತ್ತು. ಪೇಟೆಗೆ ಹೋಗಿ ಹೊಸದನ್ನು ತರಲು ಸಮಯವಿರಲಿಲ್ಲ. ಸಂಜೆ ತೆಗೆದುಬಿಡೋಣವೆಂದು ತಂತಿ ಸುತ್ತಿದೆವು. ಸಂಜೆ ಬಹುಮಾನದ ಸಂಭ್ರಮದಲ್ಲಿ ಮರೆತೆವು. ಅಂದಿನಿಂದ ಈ ಯಂತ್ರವು ಕಾವಲುಗಾರನಿಲ್ಲದ ಮನೆಯಂತೆ ಇತ್ತು. ಟ್ರಾನ್ಸ್‌ಫಾರ್ಮರಿನೊಳಗೆ ಎರಡು ಸುತ್ತುಗಳು ಒಂದಕ್ಕೊಂದು ತಾಗಿದ್ದರೆ ಹರಿವನ್ನು ಕಡಿಯುವವರು ಯಾರೂ ಇರಲಿಲ್ಲ. ಮರದ ಕಪಾಟು, ಅದರೊಳಗಿನ ಕಾಗದ, ಮೇಲಿನ ಮಾಡು ಎಲ್ಲವೂ ಹತ್ತಿ ಉರಿಯಬಹುದಾಗಿತ್ತು. ಉರಿಯದೆ ಇದ್ದುದು ನಮ್ಮ ಪುಣ್ಯವೇ ಹೊರತು ನಮ್ಮ ಜಾಣ್ಮೆಯಲ್ಲ.

ಮುಚ್ಚಳ ತೆಗೆಯುವ ಮುಂಚೆ ಪೋಷಕರಿಗೆ ಒಂದು ಮಾತು ಹೇಳಬೇಕಾಗಿದೆ. ನಿಮ್ಮ ಮಕ್ಕಳು ಮನೆಯಲ್ಲಿ ಹಳೆಯ ರೇಡಿಯೋವನ್ನೋ ಟಿ.ವಿ.ಯನ್ನೋ ಬಿಚ್ಚಲು ಹೊರಟರೆ ಗದರಿಸಬೇಡಿರಿ, ಆದರೆ ಒಬ್ಬರನ್ನೇ ಬಿಡಲೂ ಬೇಡಿರಿ. ಪ್ಲಗ್ಗು ಕಿತ್ತ ಮಾತ್ರಕ್ಕೆ ಯಂತ್ರ ಸತ್ತಿತೆಂದು ಎಣಿಸಬಾರದು. ತೊಟ್ಟಿಯಲ್ಲಿ ನೀರು ನಿಲ್ಲುವಂತೆಯೇ ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ನಿಂತಿರುವುದು. ಟ್ರಾನ್ಸಿಸ್ಟರು ಯಂತ್ರಗಳಲ್ಲಿ ಅದು ಹತ್ತಿಪ್ಪತ್ತು ವೋಲ್ಟು ಇರಬಹುದು. ಹಳೆಯ ವಾಲ್ವು ಯಂತ್ರಗಳಲ್ಲಿ ಮುನ್ನೂರು, ಐನೂರು ವೋಲ್ಟು. ಆಸಿಲಾಸ್ಕೋಪಿನ ಗಾಜಿನ ನಳಿಕೆಗಂತೂ ಎರಡು ಸಾವಿರ ವೋಲ್ಟಿಗೂ ಮೇಲ್ಪಟ್ಟು ಬೇಕಾಗುವುದು. ಆ ಮೂಲೆಗೆ ನಾವು ಕೈಹಾಕಲೇ ಇಲ್ಲ, ಮಕ್ಕಳನ್ನು ಅತ್ತ ಸುಳಿಯಲೂ ಬಿಡಲಿಲ್ಲ. ಪ್ಲಗ್ಗು ಕಿತ್ತು ಕೆಲವು ನಿಮಿಷ ಕಾದು, ಹಿಡಿಗೆ ರಬ್ಬರಿನ ಕೊಳವೆ ಹಾಕಿದ ತಂತಿಯ ತುದಿಯಲ್ಲಿ ಒಂದು ರೆಸಿಸ್ಟರನ್ನು ಕಟ್ಟಿ ಅದರ ಮೂಲಕ ಕೆಪ್ಯಾಸಿಟರನ್ನು ಬರಿದು ಮಾಡಿ, ಮೀಟರಿನಿಂದ ಅಳೆದು ಸೊನ್ನೆಯೆಂದು ಖಾತ್ರಿ ಮಾಡಿಕೊಂಡೇ ಮುಂದಿನ ಕೆಲಸ. ಸ್ಕ್ರೂಡ್ರೈವರನ್ನು ಅಡ್ಡವಿಟ್ಟು ಕಿಡಿ ಹಾರಿಸುವ ಪದ್ಧತಿಯನ್ನು ಕೆಲವರು ಶೌರ್ಯವೆಂದು ಭಾವಿಸುತ್ತಾರೆ. ಅದರಿಂದ ಕೆಪ್ಯಾಸಿಟರಿಗೂ ಕೇಡು, ಕಣ್ಣಿಗೂ ಕೇಡು. ವಿದ್ಯುತ್ತು ಇರುವಾಗಲೇ ಅಳೆಯಬೇಕಾಗಿ ಬಂದರೆ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಎರಡೂ ಕೈ ತಾಗಿದರೆ ವಿದ್ಯುತ್ತಿನ ದಾರಿ ಎದೆಯ ಮೂಲಕ ಹೋಗುವುದು.

ಬಹುಕಾಲ ಸುಮ್ಮನಿದ್ದ ಯಂತ್ರಕ್ಕೆ ಒಮ್ಮೆಗೇ ಪೂರ್ಣ ವಿದ್ಯುತ್ತನ್ನು ಕೊಡುವುದು ಸಲ್ಲದು. ಅಲ್ಯೂಮಿನಿಯಂ ಕೆಪ್ಯಾಸಿಟರಿನೊಳಗೆ ಹಾಳೆಯ ಮೇಲೆ ಅತಿ ತೆಳುವಾದ ಆಕ್ಸೈಡಿನ ಪದರವಿದ್ದು, ವಿದ್ಯುತ್ತನ್ನು ತಡೆಯುವುದು ಅದೇ. ವರ್ಷಗಟ್ಟಲೆ ಬಳಸದಿದ್ದರೆ ಆ ಪದರ ದುರ್ಬಲವಾಗುವುದು. ನಿಧಾನವಾಗಿ ವೋಲ್ಟು ಏರಿಸಿದರೆ ಮತ್ತೆ ಕಟ್ಟಿಕೊಳ್ಳುವುದೂ ಉಂಟು. ವೋಲ್ಟನ್ನು ಏರಿಳಿಸುವ ವೇರಿಯಾಕ್ ನಮ್ಮಲ್ಲಿಲ್ಲ. ಬಡವರ ಉಪಾಯವೊಂದಿದೆ: ಹಳೆಯ ಮಾದರಿಯ, ತಂತಿ ಕಾದು ಬೆಳಗುವ 100 ವಾಟಿನ ಬಲ್ಬನ್ನು ಯಂತ್ರದೊಡನೆ ಸಾಲಾಗಿ ಜೋಡಿಸುವುದು. ಅದರ ಮೂಲಕ ಹೆಚ್ಚೆಂದರೆ ಅರ್ಧ ಆಂಪಿಯರಿಗಿಂತ ತುಸು ಕಡಿಮೆ ವಿದ್ಯುತ್ತು ಹರಿಯಬಲ್ಲುದು. ಒಳಗೆ ಭಾರಿ ಶಾರ್ಟ್ ಇದ್ದರೆ ಬಲ್ಬು ಪೂರ್ಣವಾಗಿ ಉರಿಯುವುದು, ಯಂತ್ರ ಉಳಿಯುವುದು. ಈಗಿನ ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬಾರದು. ನಮ್ಮ ಹತ್ತನೆಯ ತರಗತಿಯ ಹುಡುಗ ತನ್ನ ಅಜ್ಜಿಯ ಮನೆಯ ಕೊಟ್ಟಿಗೆಯಿಂದ ಅಂತಹ ಬಲ್ಬೊಂದನ್ನು ಹುಡುಕಿ ತಂದ. ಸ್ವಿಚ್ಚು ಹಾಕಿದೆವು, ಬಲ್ಬು ಒಮ್ಮೆ ಪ್ರಕಾಶವಾಗಿ ಮಿಂಚಿ, ಬಳಿಕ ಮಂಕಾಗಿ ಕೆಂಡದ ಬಣ್ಣಕ್ಕಿಳಿಯಿತು. ಮಿಂಚಿದ್ದು ತೊಟ್ಟಿ ತುಂಬುವಾಗಿನ ಸೆಳೆತ. ಮಂಕಾದುದು ಟ್ರಾನ್ಸ್‌ಫಾರ್ಮರು, ಡಯೋಡುಗಳು ನೆಟ್ಟಗಿವೆಯೆಂಬುದರ ಸೂಚನೆ. ಯಂತ್ರದ ಹಿಂದಿನ 115, 230 ವೋಲ್ಟುಗಳ ಸ್ವಿಚ್ಚು 230ರಲ್ಲೇ ಇದೆಯೆಂದು ಮತ್ತೊಮ್ಮೆ ನೋಡಿ, ಸರಿಯಾದ ಫ್ಯೂಸನ್ನು ಹಾಕಿ, ಬಲ್ಬನ್ನು ತೆಗೆದು, ಅಳತೆಗೆ ತೊಡಗಿದೆವು.

ನಕ್ಷೆಯ ಪ್ರಕಾರ ಪ್ಲಸ್ 12 ವೋಲ್ಟು ಇರಬೇಕಾದಲ್ಲಿ ಮೀಟರು ತೋರಿಸಿದ್ದು 3. ಮೈನಸ್ 12 ಇರಬೇಕಾದಲ್ಲಿ ಮೈನಸ್ 3. ಎರಡೂ ಕೆಟ್ಟಿವೆಯೆಂದು ನಾವು ತೀರ್ಮಾನಿಸಿದೆವು. ಇಲ್ಲಿಯೇ ನಾವು ಎರಡು ಶನಿವಾರಗಳನ್ನು ಕಳೆದುಕೊಂಡದ್ದು. ದೊಡ್ಡ ಟ್ರಾನ್ಸಿಸ್ಟರು ಹೋಗಿರಬೇಕೆಂದು ಒಬ್ಬರು ಹೇಳಿದರು. ಹೌದೆಂದು ಉಳಿದವರು ತಲೆಯಾಡಿಸಿದೆವು. ಪೇಟೆಯಿಂದ ಹೊಸದನ್ನು ತಂದು ಹಾಕಿದೆವು. ಮೀಟರು 3 ಎಂದಿತು. ಮೈನಸ್ ಬದಿಯದನ್ನೂ ಬದಲಾಯಿಸಿದೆವು. ಮೀಟರು ಮೈನಸ್ 3 ಎಂದಿತು. ಬೆಸುಗೆ ಬಿಚ್ಚುವ ಅವಸರದಲ್ಲಿ ಸರ್ಕಿಟ್ ಬೋರ್ಡಿನ ತಾಮ್ರದ ಗೆರೆಯೊಂದು ಎದ್ದುಬಂತು. ಅದನ್ನು ತಂತಿಯಿಂದ ತೇಪೆ ಹಾಕಬೇಕಾಯಿತು. ಚೆನ್ನಾಗಿದ್ದ ಎರಡು ಬಿಡಿಭಾಗಗಳನ್ನು ಕಿತ್ತು, ಚೆನ್ನಾಗಿದ್ದ ಒಂದು ಬೋರ್ಡನ್ನು ಗಾಯಗೊಳಿಸಿದ್ದೇ ನಮ್ಮ ಎರಡು ವಾರಗಳ ಸಾಧನೆ.

ಮೂರನೆಯ ವಾರ ನಕ್ಷೆಯನ್ನು ಮೇಜಿನ ಮೇಲೆ ಹಾಸಿ ಮೊದಲಿನಿಂದ ಓದಿದೆವು. ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಝೀನರ್ ಡಯೋಡಿನ ಗುರುತನ್ನು ನೋಡಿ ನಡೆಯುವುದು ಪ್ಲಸ್ ಬದಿ ಮಾತ್ರ. ಮೈನಸ್ ಬದಿಗೆ ಸ್ವಂತ ಗುರುತಿಲ್ಲ. ಅದು ಪ್ಲಸ್ ಬದಿಯನ್ನು ನೋಡಿ, ಎರಡು ಸಮಾನ ರೆಸಿಸ್ಟರುಗಳ ನಡುವಿನ ಬಿಂದು ಸೊನ್ನೆಯಲ್ಲಿ ನಿಲ್ಲುವಂತೆ, ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ಸಮತೂಕ ಮಾಡುವುದು. ಪ್ಲಸ್ 3 ಆದಾಗ ಮೈನಸ್ 3 ಆದುದು ದೋಷವಲ್ಲ, ಅದು ತನ್ನ ಕರ್ತವ್ಯವನ್ನು ಸರಿಯಾಗಿಯೇ ಮಾಡಿದ್ದು! ಅಣ್ಣನ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದ ತಮ್ಮನಿಗೆ ನಾವು ಬೆತ್ತದ ಏಟು ಕೊಟ್ಟಿದ್ದೆವು.

ಇದು ನಮ್ಮ ಒಂದು ಯಂತ್ರದ ವಿಶೇಷವಲ್ಲ. ಅಮೆರಿಕದ ಓರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಹೊವಾರ್ಡ್ ವೊಲ್ಲಮ್, ಜಾಕ್ ಮರ್ಡೋಕ್ ಮೊದಲಾದವರು 1946ರಲ್ಲಿ ಸ್ಥಾಪಿಸಿದ ಟೆಕ್ಟ್ರಾನಿಕ್ಸ್ ಸಂಸ್ಥೆಯು 1950ರ ದಶಕದಲ್ಲಿ ತಯಾರಿಸಿದ 545 ಎಂಬ ಪ್ರಸಿದ್ಧ ಆಸಿಲಾಸ್ಕೋಪಿನಲ್ಲಿ ಮೈನಸ್ 150, ಪ್ಲಸ್ 100, 225, 350, 500 ಎಂದು ಐದು ವೋಲ್ಟುಗಳಿವೆ. ಅಲ್ಲಿ ಗುರುತು ಹಿಡಿಯುವುದು 5651 ಎಂಬ, ಅನಿಲ ತುಂಬಿದ ಪುಟ್ಟ ವಾಲ್ವು. ಅದನ್ನು ನೋಡಿ ಮೈನಸ್ 150. ಉಳಿದವು ಮೈನಸ್ 150ನ್ನು ನೋಡಿ. ಮೈನಸ್ 150 ಜಾರಿದರೆ ಐದೂ ಜಾರುವುವು. ಐದನ್ನೂ ಒಂದೊಂದಾಗಿ ಬಿಚ್ಚತೊಡಗಿದವನ ಆಯುಷ್ಯ ಅಲ್ಲಿಯೇ ಸವೆಯಬೇಕು. ಇನ್ನೊಂದು ಸ್ವಾರಸ್ಯ: ಆ ಯಂತ್ರಗಳೊಳಗೆ ಬೆಳ್ಳಿ ಬೆರೆಸಿದ ಬೆಸುಗೆ ತಂತಿಯ ಸಣ್ಣ ಸುರುಳಿಯೊಂದನ್ನು ತಯಾರಕರೇ ಇಟ್ಟಿರುತ್ತಿದ್ದರು. ಒಳಗಿನ ಪಿಂಗಾಣಿ ಪಟ್ಟಿಗಳಿಗೆ ಸಾಮಾನ್ಯ ಬೆಸುಗೆ ಒಗ್ಗದು. ಮುಂದೆಂದೋ ರಿಪೇರಿ ಮಾಡುವವನು ಪರದಾಡಬಾರದೆಂದು ಈ ಏರ್ಪಾಡು. ಕೊಂಡವನನ್ನಲ್ಲದೆ ರಿಪೇರಿಯವನನ್ನೂ ನೆನೆದ ಆ ಜನರನ್ನು ನಾವು ಮನಸಾರೆ ಮೆಚ್ಚಿದ್ದೇವೆ.

ಹಾಗಾದರೆ ನಮ್ಮ ಪ್ಲಸ್ 12 ಏಕೆ 3ಕ್ಕಿಳಿಯಿತು? ತೂಬಿನ ಮುಂಚೆ, ಅಂದರೆ ತೊಟ್ಟಿಯಲ್ಲಿ ಅಳೆದಾಗ 21 ವೋಲ್ಟು ಇತ್ತು, ನೀರಿಗೆ ಬರವಿಲ್ಲ. ಝೀನರಿನ ತುದಿಗಳಲ್ಲಿ 6 ವೋಲ್ಟಿನ ಆಸುಪಾಸು, ಗುರುತು ಜಾರಿಲ್ಲ. ಆಳಿಗೂ ರೋಗವಿಲ್ಲ, ಹೊಸಬನನ್ನೇ ತಂದಿದ್ದೆವಲ್ಲ! ಇನ್ನುಳಿದದ್ದು ತೋಟ. ತೋಟದೊಳಗೆಲ್ಲಿಯೋ ಕಾಲುವೆಯ ಬದು ಒಡೆದು ನೀರು ಪೋಲಾಗುತ್ತಿದ್ದರೆ ಬುದ್ಧಿವಂತನಾದ ಆಳು ತೂಬನ್ನು ಮುಚ್ಚುತ್ತ ಬರುವನು. ಈ ಯಂತ್ರದಲ್ಲಿ ಅಂತಹ ಬುದ್ಧಿಯನ್ನು ಅಳವಡಿಸಿದ್ದಾರೆ. ಲೆಕ್ಕ ನೋಡಿರಿ. ತೊಟ್ಟಿಯಲ್ಲಿ 21 ವೋಲ್ಟು, ಹೊರಗೆ 3 ವೋಲ್ಟು. ನಡುವಿನ 18 ವೋಲ್ಟನ್ನು ಟ್ರಾನ್ಸಿಸ್ಟರು ಹೊರಬೇಕು. ಹರಿವು 1 ಆಂಪಿಯರು ಇದ್ದಲ್ಲಿ ಅದರ ಮೇಲೆ ಬೀಳುವ ಶಾಖ 18 ವಾಟು. ಆದುದರಿಂದ ಹೊರಗಿನ ವೋಲ್ಟು ಕುಸಿದಂತೆಲ್ಲ ಹರಿವನ್ನೂ ಕಡಿಮೆ ಮಾಡುತ್ತ ಬರುವ ಏರ್ಪಾಡಿದೆ. ನಾವು ಅಳೆದಾಗ ಅದು 0.15 ಆಂಪಿಯರಿಗೆ ಇಳಿದಿತ್ತು. ಆಗ ಟ್ರಾನ್ಸಿಸ್ಟರಿನ ಮೇಲಿನ ಶಾಖ 2.7 ವಾಟು ಮಾತ್ರ. ಪವರ್ ಸಪ್ಲೈ ಕೆಟ್ಟಿರಲಿಲ್ಲ. ಬೇರೆಯವರ ತಪ್ಪಿನಿಂದ ತನ್ನನ್ನೂ ಯಂತ್ರವನ್ನೂ ಕಾಪಾಡಿಕೊಳ್ಳುತ್ತಿತ್ತು.

ಪರೀಕ್ಷೆ ಸುಲಭ. ಪ್ಲಸ್ 12ರಿಂದ ಒಳಗಿನ ಬೋರ್ಡುಗಳಿಗೆ ಹೋಗುವ ಕನೆಕ್ಟರುಗಳನ್ನು, ಪ್ರತಿ ಸಲವೂ ಯಂತ್ರವನ್ನು ಆರಿಸಿ, ಒಂದೊಂದಾಗಿ ಕಿತ್ತೆವು. ಮೂರನೆಯದನ್ನು ಕಿತ್ತಾಗ ಮೀಟರಿನ ಮುಳ್ಳು 12ಕ್ಕೆ ನೆಗೆಯಿತು. ಅದರ ಹಿಂದೆಯೇ ಮೈನಸ್ ಬದಿಯೂ ಮೈನಸ್ 12ಕ್ಕೆ ಬಂದು ನಿಂತಿತು. ಆ ಮೂರನೆಯ ಬೋರ್ಡಿನ ಮೇಲೆ ಮೆಣಸಿನ ಕಾಳಿಗಿಂತ ತುಸು ದೊಡ್ಡದಾದ, ನೀರಹನಿಯ ಆಕಾರದ ಟಾಂಟಲಂ ಕೆಪ್ಯಾಸಿಟರುಗಳು ಐದಾರು ಇದ್ದುವು. ಬೋರ್ಡನ್ನು ಮತ್ತೆ ಜೋಡಿಸಿ ಎರಡು ನಿಮಿಷ ನಡೆಯಿಸಿ, ಆರಿಸಿ, ತೊಟ್ಟಿಯನ್ನು ಬರಿದು ಮಾಡಿ, ಬೆರಳಿನಿಂದ ಮುಟ್ಟಿ ನೋಡಿದರೆ ಒಂದು ಮಾತ್ರ ಜ್ವರ ಬಂದವರ ಹಣೆಯಂತೆ ಬಿಸಿ. ಬಿಚ್ಚಿ ಅಳೆದರೆ ಸುಮಾರು 20 ಓಮು. ವಿದ್ಯುತ್ತನ್ನು ತಡೆಹಿಡಿಯಬೇಕಾದ ವಸ್ತು ಅದನ್ನು ಧಾರಾಳವಾಗಿ ನೆಲಕ್ಕೆ ಹರಿಯಿಸುತ್ತಿತ್ತು. ಅಲ್ಯೂಮಿನಿಯಂ ಕೆಪ್ಯಾಸಿಟರು ಒಣಗಿ ನಿಧಾನವಾಗಿ ಸಾಯುವುದು. ಟಾಂಟಲಂ ಸಾಯುವಾಗ ಹೆಚ್ಚಾಗಿ ಶಾರ್ಟ್ ಆಗಿಯೇ ಸಾಯುವುದು. ಹಳೆಯ ಯಂತ್ರಗಳನ್ನು ರಿಪೇರಿ ಮಾಡುವವರಿಗೆಲ್ಲ ಇದು ಚಿರಪರಿಚಿತವಾದ ಕಾಟ.

ಹೊಸದನ್ನು ಹಾಕುವಾಗ ನಡೆದ ಒಂದು ಘಟನೆಯನ್ನು ಹೇಳದಿರಲಾರೆವು. ಮೊದಲಿದ್ದುದು 16 ವೋಲ್ಟಿನದು. 12 ವೋಲ್ಟಿನ ಜಾಗಕ್ಕೆ ಅದು ತೀರ ಅಂಚಿನದಾದುದರಿಂದ 35 ವೋಲ್ಟಿನದನ್ನು ತಂದಿದ್ದೆವು. ನಮ್ಮಲ್ಲೊಬ್ಬರು ಅದನ್ನು ಬೋರ್ಡಿನ ರಂಧ್ರಗಳಲ್ಲಿ ಇಳಿಸಿ, ಸೋಲ್ಡರಿಂಗ್ ಐರನ್ನನ್ನು ಕೈಗೆತ್ತಿಕೊಂಡಿದ್ದರು. ಬದಿಯಲ್ಲಿ ಕೈಕಟ್ಟಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗಿ ಮೆಲ್ಲನೆ, “ಸರ್, ಅದರ ಗುರುತು ಪ್ಲಸ್ಸಿನದ್ದಲ್ಲವಾ? ಮೈನಸ್ ಬದಿಗೆ ಹಾಕಿದ ಹಾಗೆ ಕಾಣುತ್ತದೆ” ಎಂದಳು. ನಿಜ. ನಾವು ದಿನನಿತ್ಯ ನೋಡುವ ಅಲ್ಯೂಮಿನಿಯಂ ಕೆಪ್ಯಾಸಿಟರುಗಳ ಮೈಮೇಲೆ ಸಾಮಾನ್ಯವಾಗಿ ಪಟ್ಟಿ ಬಳಿದಿರುವುದು ಮೈನಸ್ ಕಾಲಿಗೆ. ಟಾಂಟಲಂ ಹನಿಗಳ ಮೇಲೆ ಗುರುತಿರುವುದು ಪ್ಲಸ್ ಕಾಲಿಗೆ. ಹಳೆಯ ರೂಢಿಯಿಂದ ನಮ್ಮ ಕೈ ತಪ್ಪಿತ್ತು. ತಿರುಗುಮುರುಗಾಗಿ ಹಾಕಿ ವಿದ್ಯುತ್ತು ಕೊಟ್ಟಿದ್ದರೆ ಆ ಕಾಳು ಸಿಡಿದು ಕಿಡಿಯುಗುಳಬಹುದಾಗಿತ್ತು. ನಮ್ಮೆಲ್ಲರ ಮುಖಗಳೂ ಬೋರ್ಡಿನ ಮೇಲೆಯೇ ಬಾಗಿದ್ದುವು. ಐರನ್ನು ಹಿಡಿದವರು ಅದನ್ನು ಕೆಳಗಿಟ್ಟು, “ನೀನೇ ಹಾಕು ಮಗಳೇ” ಎಂದು ಎದ್ದು ನಿಂತರು. ಅವಳ ಬೆಸುಗೆಯೇ ಈಗಲೂ ಆ ಬೋರ್ಡಿನ ಮೇಲೆ ಹೊಳೆಯುತ್ತಿದೆ.

ಸ್ವಿಚ್ಚು ಹಾಕಿದೆವು. ಅರ್ಧ ನಿಮಿಷದಲ್ಲಿ ಪರದೆಯ ಮೇಲೆ ಹಸುರು ಗೆರೆ ಮೂಡಿತು. ಚಪ್ಪಾಳೆ ತಟ್ಟಿದ್ದಾಯಿತು. ಚಪ್ಪಾಳೆ ನಿಂತಮೇಲೆ ನೋಡಿದರೆ ಗೆರೆ ನೇರವಾಗಿರಲಿಲ್ಲ. ಕುಂಬಳೆಯ ಕಡಲ ಅಲೆಯಂತೆ ಏರಿಳಿಯುತ್ತಿತ್ತು. ಏನನ್ನೂ ಜೋಡಿಸದಿರುವಾಗ ಅಲೆಯೆಲ್ಲಿಂದ ಬಂತು? ರೋಗಿಯೇ ಇಲ್ಲಿ ವೈದ್ಯನೂ ಆದ: ಪರದೆಯ ಮೇಲಿನ ಚೌಕಗಳನ್ನೆಣಿಸಿದಾಗ ಒಂದು ಅಲೆಗೆ ಸೆಕೆಂಡಿನ ನೂರರಲ್ಲೊಂದು ಭಾಗ. ಸೆಕೆಂಡಿಗೆ 100. ಏತದ ಮೊಗೆತವೂ ಅಷ್ಟೇ ಅಲ್ಲವೇ? 50 ಬಂದಿದ್ದರೆ ಡಯೋಡೊಂದು ಕೆಟ್ಟಿರಬಹುದೆಂದು ಸಂಶಯಪಡುತ್ತಿದ್ದೆವು. 100 ಎಂದಮೇಲೆ ಡಯೋಡುಗಳು ಸರಿ, ತೊಟ್ಟಿ ಸರಿಯಿಲ್ಲ.

ಆದರೆ ತೊಟ್ಟಿಯಲ್ಲಿ ಅಳೆದರೆ ಮೀಟರು 17 ವೋಲ್ಟು ಎಂದಿತು. 12 ಬೇಕಾದಲ್ಲಿ 17 ಇದ್ದರೆ ಸಾಲದೇ? ಇಲ್ಲಿಯೂ ನಾವು ಕೆಲಹೊತ್ತು ಮೋಸಹೋದೆವು. ಮೀಟರು ಹೇಳುವುದು ಸರಾಸರಿಯನ್ನು. ಹೂಳು ತುಂಬಿದ ತೊಟ್ಟಿಯನ್ನು ನೆನೆದುಕೊಳ್ಳಿರಿ. ಮೊಗೆದು ಸುರಿದೊಡನೆ ಅಂಚಿನವರೆಗೂ ತುಂಬಿದಂತೆ ಕಾಣುವುದು. ಮುಂದಿನ ಮೊಗೆತ ಬರುವ ಮೊದಲೇ ತಳ ಕಾಣುವುದು. ಮೀಟರನ್ನು ಏ.ಸಿ. ಬದಿಗೆ ತಿರುಗಿಸಿದಾಗ, ಇರಬಾರದ ಏರಿಳಿತ 3 ವೋಲ್ಟಿನಷ್ಟು ಕಂಡಿತು. ತುದಿಯಿಂದ ತಳಕ್ಕೆ ಅದು ಸುಮಾರು 10 ವೋಲ್ಟಿನ ಇಳಿತ. ಸೆಕೆಂಡಿಗೆ ನೂರು ಸಲ ತೊಟ್ಟಿಯ ಮಟ್ಟ 12ರವರೆಗೂ ಕುಸಿಯುತ್ತಿತ್ತು. ತೂಬಿನ ಆಳಿಗೆ ಕೆಲಸ ಮಾಡಲು ಎರಡು ವೋಲ್ಟಾದರೂ ಹೆಚ್ಚುವರಿ ಬೇಕು. ಆ ಕ್ಷಣಗಳಲ್ಲಿ ಅವನು ನಿರುಪಾಯನಾಗುತ್ತಿದ್ದ. ಕೆಪ್ಯಾಸಿಟರಿನ ಮೈಮೇಲೆ 2200 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿತ್ತು. ಬಿಚ್ಚಿ ಅಳೆದಾಗ ಉಳಿದಿದ್ದುದು 400. ಒಳಗಿನ ದ್ರವ ಶಾಖಕ್ಕೆ ಆರಿಹೋಗಿತ್ತು. ಮೊದಲನೆಯ ಅಳತೆಯಲ್ಲಿ ಇದು ಬಯಲಾಗದಿದ್ದುದಕ್ಕೆ ಕಾರಣವಿದೆ: ಆಗ ಆಳು ತೂಬನ್ನು ಮುಚ್ಚಿ ಹಿಡಿದಿದ್ದುದರಿಂದ 0.15 ಆಂಪಿಯರು ಮಾತ್ರ ಹರಿಯುತ್ತಿತ್ತು. ಹೂಳು ತುಂಬಿದ ತೊಟ್ಟಿಯೂ ಅಷ್ಟಕ್ಕೆ ಸಾಕಾಗಿತ್ತು. ಯಂತ್ರ ತನ್ನ ಪೂರ್ಣ ಆಹಾರವನ್ನು, ಅಂದರೆ 0.6 ಆಂಪಿಯರನ್ನು, ಕೇಳಿದಾಗಲೇ ಬಡತನ ಹೊರಬಿತ್ತು. ಒಂದು ರೋಗದ ನೆರಳಿನಲ್ಲಿ ಇನ್ನೊಂದು ಅಡಗಿ ಕುಳಿತಿತ್ತು. ಹೊಸ ಕೆಪ್ಯಾಸಿಟರನ್ನು ಹಾಕಿದಮೇಲೆ ಅದೇ ಮೀಟರಿನಲ್ಲಿ ಏರಿಳಿತ ಅರ್ಧ ವೋಲ್ಟಿಗಿಳಿಯಿತು, ಗೆರೆ ನೂಲು ಹಿಡಿದಂತೆ ನೇರವಾಯಿತು.

ಇಂದಿನ ಮೊಬೈಲ್ ಚಾರ್ಜರಿನಲ್ಲಿ ಇಂತಹ ಭಾರವಾದ ಟ್ರಾನ್ಸ್‌ಫಾರ್ಮರು ಇಲ್ಲವಲ್ಲ ಎಂದು ಹುಡುಗರು ಕೇಳಿದರು. ಅದರಲ್ಲಿ ಬೇರೊಂದು ವಿಧಾನ. ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಇಳಿಸುವರು. ಹಗುರ, ಅಗ್ಗ, ಶಾಖದ ನಷ್ಟವೂ ಕಡಿಮೆ. ಆದರೆ ಆ ಕಡಿತದ ಗಲಾಟೆ ಸೂಕ್ಷ್ಮವಾದ ಅಳತೆಗೆ ಅಡ್ಡಿಯಾಗಬಹುದು. ಲೀನಿಯರ್ ಸಪ್ಲೈ ತೂಕವಾಗಿದ್ದು ಬಿಸಿಯಾದರೂ ನಿಶ್ಶಬ್ದ. ಕಲಿಯುವವರಿಗಂತೂ ಅದರ ಒಂದೊಂದು ಹೆಜ್ಜೆಯನ್ನೂ ಸಾಮಾನ್ಯ ಮೀಟರಿನಿಂದ ಅಳೆದು ತಿಳಿಯಬಹುದೆಂಬ ಅನುಕೂಲ ಬೇರೆ. ಚಾರ್ಜರನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿರಿ; ಅದರೊಳಗಿನ ಒಂದು ಭಾಗದಲ್ಲಿ ಮುನ್ನೂರು ವೋಲ್ಟಿಗೂ ಮಿಗಿಲಾದುದು ನಿಂತಿರುವುದು.

ಖರ್ಚಿನ ಲೆಕ್ಕವನ್ನು ಸಂಘದ ಕೋಶಾಧಿಕಾರಿಗಳಿಗೆ ಒಪ್ಪಿಸಿದ್ದೇವೆ. ಬೇಕಾಗಿದ್ದುದು ಒಂದು ಫ್ಯೂಸು, ಒಂದು ಟಾಂಟಲಂ, ಒಂದು ಅಲ್ಯೂಮಿನಿಯಂ ಕೆಪ್ಯಾಸಿಟರು. ಊಹೆಯಿಂದ ತಂದ ಎರಡು ಟ್ರಾನ್ಸಿಸ್ಟರುಗಳ ಬೆಲೆ ಈ ಮೂರರ ಬೆಲೆಗಿಂತ ಹೆಚ್ಚಾಗಿದ್ದು, ಅದನ್ನು ನಾವೇ ಭರಿಸಿದ್ದೇವೆ. ತಾಮ್ರ ಸುತ್ತಿದ ಆ ಫ್ಯೂಸನ್ನು ಅಧ್ಯಾಪಕರು ಎಸೆಯಲು ಬಿಡಲಿಲ್ಲ. ಪ್ರಯೋಗಶಾಲೆಯ ಗಾಜಿನ ಕಪಾಟಿನಲ್ಲಿ, ಬಿಳಿಯ ಕಾಗದದ ಮೇಲೆ ಅಂಟಿಸಿ, ಕೆಳಗೆ ನಮ್ಮ ತರಗತಿಯ ವರ್ಷವನ್ನೂ ಬರೆದು ಇಟ್ಟಿದ್ದಾರೆ. ಹೆಸರುಗಳನ್ನು ಬರೆಯದೆ ಬಿಟ್ಟುದು ಅವರ ದೊಡ್ಡತನ.

ಇನ್ನು ಈ ಯಂತ್ರವನ್ನು ನಿಮ್ಮೆದುರು ಚಾಲೂ ಮಾಡುತ್ತೇವೆ. ಒಂದು ಮೈಕ್ರೋಫೋನನ್ನು ಜೋಡಿಸಿದ್ದೇವೆ. ಒಬ್ಬೊಬ್ಬರಾಗಿ ಬಂದು ಅ, ಇ, ಉ ಎಂದು ಉಚ್ಚರಿಸಿದರೆ ಪ್ರತಿಯೊಂದು ಸ್ವರಕ್ಕೂ ಬೇರೆ ಬೇರೆ ಆಕಾರದ ಅಲೆ ಕಾಣುವುದು. ಚಿಕ್ಕ ಮಕ್ಕಳು ಮೊದಲು ಬರಲಿ. ಗೆರೆ ಮೊದಲ ಹತ್ತು ನಿಮಿಷ ಮೆಲ್ಲನೆ ಮೇಲಕ್ಕೆ ಸರಿಯುತ್ತಿರುವುದು. ಆ ದೋಷ ಇನ್ನೂ ನಮಗೆ ಸಿಕ್ಕಿಲ್ಲ. ಬರುವ ಶನಿವಾರ ನಕ್ಷೆಯನ್ನು ಹಾಸಿಕೊಂಡು ಕುಳಿತುಕೊಳ್ಳುವವರಿದ್ದೇವೆ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಮನೆಯವರ ಒಪ್ಪಿಗೆ ಪಡೆದು ಬರಬಹುದು.